ಯಜಮಾನರ ಉಪವಾಸ

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ. ಮಧ್ಯಾಹ್ನ ಉಪವಾಸ ಎನ್ನುತ್ತಿದ್ದ ನನ್ನ ಯಜಮಾನರು ಹಾರೋಹಳ್ಳಿ ಕಾರ್ಖಾನೆಗೆ ಹೋಗುವಾಗ ಊಟದ ಡಬ್ಬಿಯನ್ನು ಮಾತ್ರ ತಪ್ಪದೆ ಕಟ್ಟಿಸಿಕೊಳ್ಳುತ್ತಿದ್ದರು. ಆ ಗುರುವಾರವೂ ಡಬ್ಬಿ ಖಾಲಿಯಾಗಿ ಬಂತು.

"ಉಪವಾಸ ಬಲು ಜೋರಾಗೈತೆ, ಒಂದಗುಳೂ ಬುಟ್ಟಿಲ್ಲ!" ಎಂದು ಅತ್ತೆಯ ಮುಂದೆಯೇ ಹಂಗಿಸಿದೆ. ಯಜಮಾನರು ನಕ್ಕರು. ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಅವರ ಬೈಕಿಗೆ ಲಾರಿ ಗುದ್ದಿತು.

ಮಣ್ಣು ಮಾಡಿದ ಮೂರನೇ ದಿನ ಕಾರ್ಖಾನೆಯ ವಯಸ್ಸಾದ ವಾಚ್‌ಮನ್ ಮನೆಗೆ ಬಂದರು. "ದಿನಾ ಆ ಡಬ್ಬಿ ಉಣ್ತಿದ್ದೋನು ನಾನು ಕಣವ್ವಾ. ಅವ್ರು ಬರೀ ನೀರು ಕುಡಿಯೋರು. ಯಾರ್ಗೂ ಹೇಳ್ಬ್ಯಾಡಿ, ಹೇಳುದ್ರೆ ಉಪವಾಸ ಕೆಡ್ತದೆ ಅನ್ನೋರು" ಎಂದು ಅತ್ತರು.

ಚರ್ಚಿನಲ್ಲಿ ಪಾಪನಿವೇದನೆ ಮಾಡುವಾಗ ಅವರನ್ನು ಹಂಗಿಸಿದ್ದನ್ನು ಹೇಳಿಕೊಂಡೆ. ಗುರುಗಳು ಕ್ಷಮೆ ಕೊಟ್ಟರು. ನಾನು ತಪ್ಪಾಯ್ತು ಎನ್ನಬೇಕಾದವರು ಇಲ್ಲ.