ಮೂರನೆಯ ಸಲ ಬಂದ ಕೆಂಪು ಹೂ

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಮೂಡುಬಿದಿರೆಯ ಹೈಸ್ಕೂಲಿನ ಕೊನೆಯ ವರ್ಷದಲ್ಲಿ ನಾನು ಶಾಲೆಯ ಕೈಬರಹದ ಪತ್ರಿಕೆಗೆ ಒಂದು ವಿಜ್ಞಾನದ ಕಥೆ ಬರೆದೆ. ಪುತ್ತಿಗೆಯ ನಮ್ಮ ಮನೆಗೆ ಕರೆಂಟು ಬಂದಿರಲಿಲ್ಲ, ನನ್ನ ಕಥೆಯಲ್ಲಿ ಮಾತ್ರ ಊರಿಗೊಂದು ಯಂತ್ರವಿತ್ತು. ಯಾರು ಮುಂದೆ ಏನಾಗುತ್ತಾರೆಂದು ಅದು ಲೆಕ್ಕ ಹಾಕಿ ಹೇಳುತ್ತಿತ್ತು. ಒಬ್ಬ ಹುಡುಗಿಗೆ 'ಅಡುಗೆಮನೆ' ಎಂದಿತು. ನಾನು ಒಪ್ಪದಿದ್ದರೆ ಎಂದು ಅವಳು ಕೇಳಿದಳು. ಅದನ್ನೂ ಲೆಕ್ಕಕ್ಕೆ ಹಿಡಿದಾಗಿದೆ ಎಂದಿತು ಯಂತ್ರ. ಕಥೆ ಅಲ್ಲಿಗೆ ಮುಗಿಯುತ್ತಿತ್ತು.

ವಿಜ್ಞಾನದ ಮಾಸ್ತರರಿಗೆ ಸಿಟ್ಟು ಬಂತು. "ಇದೆಂಥದು ಮಾರಾಯ್ತಿ? ಆ ಹುಡುಗಿ ಯಂತ್ರ ಒಡೆದು ಹಾಕ್ಲಿ. ಮನುಷ್ಯರಿಗೆ ಸ್ವಂತ ಬುದ್ಧಿ ಅಂತ ಒಂದು ಉಂಟಲ್ಲ!"

ಅವರ ಮಾತನ್ನು ನಾನು ನಂಬಿದೆ. ಮಂಗಳೂರಿನ ಕಾಲೇಜಿಗೆ ಸೇರಿ ವಿಜ್ಞಾನ ಓದುವ ಆಸೆ ನನಗೆ ಆಗಲೇ ಹತ್ತಿತ್ತು.

ನಮ್ಮದು ತಾಯಿಯ ಕಡೆಯಿಂದ ಆಸ್ತಿ ಬರುವ ಕುಟುಂಬ. ಅಮ್ಮನ ಅಣ್ಣನೇ ಯಜಮಾನ. ಮಾವ ಬಂಟ್ವಾಳದ ಒಬ್ಬ ಹೋಟೆಲಿನವನಿಗೆ ನನ್ನನ್ನು ಕೊಡುವ ಮಾತಾಡಿ ಬಂದಿದ್ದ. ಮಾವ ಗದರುವ ಮನುಷ್ಯನಲ್ಲ. ಗದರುವವರಾದರೆ ಎದುರು ಮಾತಾಡಬಹುದು.

"ನಾನು ಹೇಳಿದ್ರೆ ಒತ್ತಾಯ ಆಗ್ತದೆ," ಎಂದ. "ದೇವರಲ್ಲೇ ಕೇಳುವ."

ಕೇಳುವ ಕ್ರಮ ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಒಂದು ಬಿಳಿ ಹೂ, ಒಂದು ಕೆಂಪು ಹೂ, ಎರಡನ್ನೂ ಬೇರೆ ಬೇರೆ ಎಲೆಯಲ್ಲಿ ಸುತ್ತಿ ದೇವರ ಮುಂದೆ ಇಟ್ಟು, ಒಂದನ್ನು ಸಣ್ಣ ಮಗುವಿನ ಕೈಯಲ್ಲಿ ಎತ್ತಿಸುವುದು. ಬಿಳಿ ಬಂದರೆ ಕಾಲೇಜು, ಕೆಂಪು ಬಂದರೆ ಮದುವೆ. ಊರ ದೇವಸ್ಥಾನದಲ್ಲಿ ನೆರೆಮನೆಯ ಮಗು ಒಂದು ಪೊಟ್ಟಣ ಎತ್ತಿತು. ಭಟ್ಟರು ಬಿಡಿಸಿದರು. ಬಿಳಿ!

ಕುಣಿದುಬಿಡುವುದೊಂದು ಬಾಕಿ. ಅಷ್ಟರಲ್ಲಿ ಮಾವ ಮೆಲ್ಲಗೆ, "ಮಗು ಎಡಗೈಯಲ್ಲಿ ತೆಗೆದದ್ದಲ್ವಾ? ಅದು ಲೆಕ್ಕಕ್ಕಿಲ್ಲ," ಎಂದ.

ಎರಡನೆಯ ಸಲ ಮಗುವಿನ ಬಲಗೈ ಹಿಡಿದೇ ಎತ್ತಿಸಿದರು. ಮತ್ತೆ ಬಿಳಿ. ಮಾವ ಕಣ್ಣು ಮುಚ್ಚಿ ನಿಂತ. "ನಾನು ಮನಸ್ಸಿನಲ್ಲಿ ಸರಿಯಾಗಿ ಕೇಳ್ಲಿಲ್ಲ. ಇನ್ನೊಮ್ಮೆ ಕೇಳುವ."

ಮೂರನೆಯ ಸಲ ಕೆಂಪು ಬಂತು. ಮಾವ ಉದ್ದಕ್ಕೆ ಅಡ್ಡಬಿದ್ದು ಎದ್ದ. "ದೇವರು ಹೇಳಿಯಾಯ್ತು. ಇನ್ನು ನಮ್ಮದೇನುಂಟು?" ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಪಾಪ, ಭಟ್ಟರದ್ದೇನೂ ತಕರಾರಿರಲಿಲ್ಲ.

ಗದ್ದೆಯ ಬದುವಿನಲ್ಲಿ ಮನೆಗೆ ಹಿಂದೆ ಬರುವಾಗ, ಮೂರನೆಯದೂ ಬಿಳಿ ಬಂದಿದ್ದರೆ ಎಂದು ಅಮ್ಮನನ್ನು ಕೇಳಿದೆ.

"ನಾಲ್ಕನೆಯದು ಇತ್ತು ಮಗಾ," ಎಂದಳು ಅಮ್ಮ. ಅವಳ ಮದುವೆಗೂ ಹೂ ಇಟ್ಟಿದ್ದರಂತೆ. ಎಷ್ಟು ಸಲ ಎಂದು ಅವಳು ಹೇಳಲಿಲ್ಲ.

ಬಂಟ್ವಾಳದಲ್ಲಿ ನನ್ನ ಕೈಗೆ ಬಂದದ್ದು ಗೋಳಿಬಜೆಯ ಹಿಟ್ಟು. ಗಂಡ ಕೆಟ್ಟವನಲ್ಲ, ಹಾಗಾಗಿ ನನ್ನ ದುಃಖಕ್ಕೆ ಯಾರೂ ಕಾರಣ ಹುಡುಕಲಿಲ್ಲ. ಕೆಲವು ವರ್ಷಗಳ ಮೇಲೆ ಆ ವಿಜ್ಞಾನದ ಮಾಸ್ತರರು ಬಂಟ್ವಾಳಕ್ಕೆ ವರ್ಗವಾಗಿ ಬಂದು, ಚಾ ಕುಡಿಯಲು ನಮ್ಮ ಹೋಟೆಲಿಗೇ ಬರತೊಡಗಿದರು. ಕಥೆಯನ್ನು ಹೊಸತಾಗಿ ಬರೆದಿಟ್ಟಿದ್ದೆ. ಒಂದು ಮಧ್ಯಾಹ್ನ ಕೊಟ್ಟೆ. ಈ ಸಲ ಯಂತ್ರ ಹುಡುಗಿಗೆ ಎರಡು ಸಲ 'ಕಾಲೇಜು' ಎನ್ನುತ್ತದೆ. ಹಿರಿಯರು ಬಿಡದೆ ಮತ್ತೆ ಕೇಳುತ್ತಾರೆ. ಮೂರನೆಯ ಸಲ ಅದು 'ಅಡುಗೆಮನೆ' ಎಂದ ಕೂಡಲೇ ಅದಕ್ಕೆ ಬೀಗ ಹಾಕುತ್ತಾರೆ.

ಮಾಸ್ತರರು ಓದಿ ಮುಗಿಸಿ ತಲೆ ಅಲ್ಲಾಡಿಸಿದರು. "ಬರೆದದ್ದು ಲಾಯ್ಕುಂಟು. ಆದ್ರೆ ವಿಜ್ಞಾನ ತಪ್ಪು. ಅದೇ ಪ್ರಶ್ನೆಗೆ ಯಂತ್ರ ಯಾವಾಗ್ಲೂ ಅದೇ ಉತ್ತರ ಕೊಡ್ತದೆ. ನೂರು ಸಲ ಕೇಳಿದ್ರೂ ಅದೇ."

"ಯಾರು ಕೇಳಿದ್ರೂ, ಮಾಸ್ಟ್ರೇ?"

"ಯಾರು ಕೇಳಿದ್ರೂ."

ಕಥೆಯನ್ನು ವಾಪಸು ತೆಗೆದುಕೊಂಡೆ. ಹಾಗಾದರೆ ಅಂಥದೊಂದು ಯಂತ್ರ ಪುತ್ತಿಗೆಯಲ್ಲಿ ಇದ್ದಿದ್ದರೆ ನಾನು ಕಾಲೇಜಿಗೆ ಹೋಗುತ್ತಿದ್ದೆ.