ಜಾಡಿಯಲ್ಲಿ ಏನು ಹಾಕ್ತೀರಿ?

ಮಾಲ್ಸುನಮ್ಮ ದಿನವಿಡೀ ಫೋನಿನಲ್ಲಿ ಹರಟುವವಳೆಂದೇ ಪಾರ್ಸೆಲ್ ಒಯ್ಯುವ ತಾಕ್ ಬಹಳ ಕಾಲ ತಿಳಿದಿದ್ದ. ಆ ಹರಟೆಯೇ ಕೊರಿಯಾದ ಕಾಂಗ್ಜಿನ್ ಊರಿನಲ್ಲಿರುವ ಅವಳ ಆನ್‌ಲೈನ್ ಮಣ್ಣಿನ ಜಾಡಿ ಅಂಗಡಿಯ ಭದ್ರತಾ ವಿಭಾಗವೆಂದು ಆಮೇಲೆ ಗೊತ್ತಾಯಿತು. ಕದ್ದ ಕಾರ್ಡಿನಲ್ಲಿ ಯಾರಾದರೂ ಕೊಂಡರೆ ಬ್ಯಾಂಕಿನವರು ದುಡ್ಡನ್ನು ಅವಳಿಂದ ವಾಪಸ್ ಕಿತ್ತುಕೊಳ್ಳುತ್ತಾರೆ, ಜಾಡಿ ಮಾತ್ರ ವಾಪಸ್ ಬರುವುದಿಲ್ಲ. ಜಾಡಿ ಮಾಡುತ್ತಿದ್ದ ಗಂಡನೂ ಈಗಿಲ್ಲ. ಅದಕ್ಕೇ ಪ್ರತಿ ಗಿರಾಕಿಗೂ ಫೋನು ಮಾಡಿ, ಪೊಲೀಸ್ ಸಾಹೇಬರ ಗತ್ತಿನಲ್ಲಿ, "ಇದ್ರಲ್ಲಿ ಏನು ಹಾಕ್ತೀರಿ?" ಎನ್ನುವಳು. "ಕಿಮ್ಚಿ ಉಪ್ಪಿನಕಾಯಿ, ಆದ್ರೆ ನಮ್ಮತ್ತೆ ಥರ ಮೂಲಂಗಿ ಹಾಕಲ್ಲ" ಎಂದು ಶುರುಮಾಡಿ ಅತ್ತೆಯ ಜಾತಕವನ್ನೆಲ್ಲ ಬಿಚ್ಚಿದವರು ಪಾಸು. "ಏನೋ ಒಂದು ಹಾಕ್ತೀವಿ, ಬೇಗ ಕಳ್ಸಿ" ಎಂದವರ ಆರ್ಡರು ರದ್ದು. "ಕಳ್ಳರಿಗೆ ಅಡುಗೆಮನೆ ಇರಲ್ಲ ಕಣೋ" ಎಂದು ತಾಕ್‌ಗೆ ಪಾಠ ಬೇರೆ. ಹೋದ ಚಳಿಗಾಲದಲ್ಲಿ ಒಬ್ಬ, ಸೋಯಾ ಕಾಳು ಹುದುಗಿಸಲು ಎಷ್ಟು ಉಪ್ಪು ಬೇಕೆಂಬುದನ್ನೂ ತಪ್ಪಿಲ್ಲದೆ ಹೇಳಿ, ಗಂಡನ ಕೈಯ ಕೊನೆಯ ನಾಲ್ಕು ದೊಡ್ಡ ಜಾಡಿಗಳನ್ನು ತರಿಸಿಕೊಂಡ. ಕಾರ್ಡು ಕದ್ದದ್ದೆಂದು ತಿಂಗಳಾದ ಮೇಲೆ ತಿಳಿಯಿತು. ಆ ಜಾಡಿಗಳಿದ್ದ ಅಂಗಳ ಬರಿದಾದದ್ದನ್ನು ನೋಡಿ ತಾಕ್‌ಗೆ ಬಾಯಿ ಮುಚ್ಚಿಕೊಂಡಿರಲಾಗಲಿಲ್ಲ: "ಅಲ್ಲಮ್ಮಾ, ಇಷ್ಟು ಹುಷಾರಾಗಿರೋ ನೀವು ಅವನನ್ನ ಹೇಗೆ ನಂಬಿಬಿಟ್ರಿ?" ಮಾಲ್ಸುನಮ್ಮ ಒಂದು ಪುಟ್ಟ ಜಾಡಿಯ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಲೇ ಹೇಳಿದಳು: "ಯಜಮಾನ್ರು ಹೋದ್ಮೇಲೆ ನಂದು ಊಟ ಆಯ್ತಾ ಅಂತ ಕೇಳ್ದೋನು ಅವನೊಬ್ನೇ."