ಮಗ್ಗ ಕೇಳುತ್ತಿದ್ದ ನೀಲವ್ವ

ಖಟ್, ಖಟ್, ನಡುವೆ ಲಾಳಿ ಜಾರುವ ಸಣ್ಣ ಸದ್ದು, ಮತ್ತೆ ಖಟ್. ಕೊರೋನಾದ ಎರಡನೆಯ ಬೇಸಿಗೆಯಲ್ಲಿ ಇಳಕಲ್ಲಿನ ನೇಕಾರ ಓಣಿಯೊಳಗೆ ಕೇಳಿಸುತ್ತಿದ್ದುದು ಇಷ್ಟೇ. ಬಸ್ಸಿಲ್ಲ, ಸಂತೆಯಿಲ್ಲ, ಸಾಲಿಯ ಗಂಟೆಯಿಲ್ಲ. ಬಾಗಿಲು ಮುಚ್ಚಿದ್ದರೂ ಒಳಗೆ ನೆಲ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವರು ಮಗ್ಗ ಬಡಿಯುತ್ತಲೇ ಇದ್ದರು. ನನ್ನ ಕಿವಿಗೆ ಎಲ್ಲ ಮನೆಯದೂ ಒಂದೇ ಸಪ್ಪಳ. ನೀಲವ್ವ ಮಾತ್ರ ಪ್ರತಿ ಬಾಗಿಲ ಮುಂದೆ ನಿಂತು, ಕಾಳು ಹೆಕ್ಕುವ ಕೋಳಿ ಒಮ್ಮೆಲೇ ಕತ್ತು ಓರೆ ಮಾಡಿದ ಹಾಗೆ ತಲೆಯನ್ನು ಎಡಕ್ಕೆ ವಾಲಿಸಿ, ಒಂದು ಗಳಿಗೆ ಕೇಳಿ, "ಈ ಮನಿ ಚಲೋ ಐತ್ರಿ ಅಕ್ಕಾರ, ಮುಂದ ನಡೀರಿ" ಅನ್ನುತ್ತಿದ್ದಳು.

ನೀಲವ್ವ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನ ಸಿಪಾಯಿ. ನಾನು ಅಲ್ಲಿಯ ಹೆಡ್‌ಮಿಸ್ಟ್ರೆಸ್. ನೀಲವ್ವನ ತವರು ಗುಡೂರು, ಕೊಟ್ಟದ್ದು ಇಳಕಲ್ಲಿಗೆ, ಎರಡೂ ಮಗ್ಗದ ಮನೆಗಳೇ. ಗಂಡ ತೀರಿಕೊಂಡ ಮೇಲೆ ಮನೆಯ ಮಗ್ಗ ಬಿಚ್ಚಿಸಿ, ಕುಣಿಯ ಮೇಲೆ ಹಲಗೆ ಮುಚ್ಚಿ, ಹಲಗೆಯ ಮೇಲೆ ಜೋಳದ ಚೀಲ ಇಟ್ಟು ಅಕಿ ಸಾಲಿಯ ಕೆಲಸಕ್ಕೆ ಬಂದಳು. ಒಬ್ಬಳೇ ಮಗಳು, ಕೆರೂರಿಗೆ ಸೊಸೆಯಾಗಿ ಹೋಗಿದ್ದಳು. ಸೊಂಟದಲ್ಲಿ ಸಿಕ್ಕಿಸಿದ ಬೀಗದಕೈ ಗೊಂಚಲನ್ನು ಅಕಿ ಎಂದೂ ಕಣ್ಣಿಟ್ಟು ನೋಡಿದ್ದು ನಾ ಕಾಣೆ. ಅಲುಗಾಡಿಸಿ, ಸದ್ದು ಕೇಳಿ, ಬೇಕಾದ ಕೀಲಿ ಹಿಡಿಯುತ್ತಿದ್ದಳು. ಆಫೀಸಿನ ಮುಂದಿನ ಸ್ಟೂಲ್ ಬಿಟ್ಟು ಏಳದೆ, "ಎಂಟನೇ ಕ್ಲಾಸಿನ ಬಿ ಸೆಕ್ಷನ್ನಿನ್ಯಾಗ ಸರ್ ಇಲ್ರಿ" ಎಂದು ವರದಿ ಒಪ್ಪಿಸುವಳು. ನಿನಗ ಹೆಂಗ ಗೊತ್ತಾತು ಎಂದು ಒಮ್ಮೆ ಕೇಳಿದೆ.

"ಸರ್ ಇದ್ರ ಹುಡುಗ್ಯಾರು ಒಬ್ಬೊಬ್ಬರ ನಗತಾರ್ರಿ. ಇಲ್ಲಂದ್ರ ಎಲ್ಲಾರೂ ಕೂಡೇ ನಗತಾರ."

ನಾನು ಹುಬ್ಬಳ್ಳಿಯಲ್ಲಿ ಕಾನ್ವೆಂಟ್ ಕಲಿತವಳು. ಸಿಸ್ಟರುಗಳು ತಿದ್ದಿ ತೀಡಿದ ಪ್ರನನ್ಸಿಯೇಷನ್ ನನಗೆ ದೊಡ್ಡ ಪ್ರೈಡ್ ಆಗಿತ್ತು. ನೀಲವ್ವನಿಗೆ ಅದೇ ಚೇಷ್ಟೆಯ ವಸ್ತು. ಅಸೆಂಬ್ಲಿಯಲ್ಲಿ ನಾನು "ಗುಡ್ ಮಾರ್ನಿಂಗ್, ಗರ್ಲ್ಸ್" ಅಂದರೆ ಹಿಂದಿನಿಂದ ಮೆಲ್ಲಗೆ, "ಅಕ್ಕಾರು ಇವತ್ತ ಬಾಯಾಗ ಬಿಸಿ ಬದನೀಕಾಯಿ ಇಟ್ಕೊಂಡಾರ" ಅಂದು, ನಾನು ತಿರುಗಿದರೆ ಗಂಟೆಯ ಕೊಡತಿ ಒರೆಸುತ್ತ ನಿಲ್ಲುವಳು.

ಆ ಬೇಸಿಗೆಗೆ ನನ್ನ ಸರ್ವಿಸ್ ಇನ್ನು ಐದು ತಿಂಗಳು ಉಳಿದಿತ್ತು. ಸಾಲಿ ಮುಚ್ಚಿತ್ತು, ಕೆಲಸ ಮುಚ್ಚಿರಲಿಲ್ಲ. ಪಿ.ಟಿ. ಸರ್ ಹುನಗುಂದ ರಸ್ತೆಯ ಚೆಕ್‌ಪೋಸ್ಟಿನಲ್ಲಿ ಗಾಡಿ ತಡೆಯುತ್ತಿದ್ದರು. ವಿಜ್ಞಾನದ ಮಾಸ್ತರು ಹೊರಗಿನಿಂದ ಬಂದವರನ್ನು ಇರಿಸಿದ್ದ ಹಾಸ್ಟೆಲ್ಲಿನಲ್ಲಿ ಊಟ ಎಣಿಸುತ್ತಿದ್ದರು. ಉಳಿದವರು ಬೆಳಿಗ್ಗೆ ಮೊಬೈಲ್ ಮುಂದೆ ಪಾಠ ಮಾಡಿ, ಫೋನಿಲ್ಲದ ಮಕ್ಕಳ ಮನೆಗೆ ಹಾಳೆ ಮುಟ್ಟಿಸಿ, ಮಧ್ಯಾಹ್ನ ಮನೆ ಮನೆ ಸರ್ವೇಗೆ ಹೋಗಬೇಕು. ಯಾರಿಗೆ ಜ್ವರ, ಯಾರಿಗೆ ಕೆಮ್ಮು, ಯಾರ ಆಕ್ಸಿಜನ್ ಎಷ್ಟು ಎಂದು ಬರೆದು, ಸಂಜೆ ಐದರೊಳಗೆ ಫೋನಿನಲ್ಲಿ ಏರಿಸಬೇಕು. ಸ್ಟಾಫ್ ಗ್ರೂಪಿನಲ್ಲಿ ಒಂದು ಮೆಸೇಜು "ಮೋಸ್ಟ್ ಅರ್ಜೆಂಟ್", ಅದರ ಕೆಳಗೇ "ಓಂ ಶಾಂತಿ". ಯಾರ ಓಂ ಶಾಂತಿ ಎಂದು ನೋಡುವ ಧೈರ್ಯ ಸಾಲದೆ ನಾನು ಫೋನನ್ನು ಬೋರಲು ಹಾಕಿ ಕೂಡುತ್ತಿದ್ದೆ. ಅದು ಮತ್ತೆ ಟಿಂಗ್ ಅಂದರೂ ಎತ್ತುತ್ತಿರಲಿಲ್ಲ.

ಸರ್ವೇಯಲ್ಲಿ ನೇಕಾರ ಓಣಿ ನಮ್ಮ ಕನ್ನಡ ಟೀಚರಿಗೆ ಬಂದಿತ್ತು. ಅಕಿ ಏಳು ತಿಂಗಳ ಗರ್ಭಿಣಿ. ಬದಲಿಗೆ ಯಾರೂ ಇರಲಿಲ್ಲ. ನನಗೆ ಶುಗರ್ ಇತ್ತು, ಅರವತ್ತರ ಹೊಸ್ತಿಲು ಬೇರೆ. ಟು ಬಿ ಆನೆಸ್ಟ್, ನನಗೆ ಹೆದರಿಕೆ ಇತ್ತು. ಆದರೂ ಲಿಸ್ಟಿನಲ್ಲಿ ಅಕಿಯ ಹೆಸರು ಹೊಡೆದುಹಾಕಿ ನನ್ನದು ಬರೆದೆ. ನೀಲವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಆ ಓಣ್ಯಾಗ ನಾಯಿ ಸೈತ ನಿಮ್ಮ ಗುರುತ ಹಿಡಿಯೂದಿಲ್ಲ. ನಾ ಬರ್ತೇನಿ ನಡೀರಿ," ಅಂದಳು.

ಮೊದಲ ದಿನ ಒಂದು ಬಾಗಿಲಲ್ಲಿ ನಿಂತು ನಾನು ಹಾಳೆ ನೋಡಿ ಓದಿದೆ: "ತಮ್ಮ ಕುಟುಂಬದಲ್ಲಿ ಯಾರಿಗಾದರೂ ಉಸಿರಾಟದ ತೊಂದರೆ ಇದೆಯೇ?" ಬಾಗಿಲು ತೆರೆದ ಮುದುಕಿ ಪೊಲೀಸರನ್ನು ಕಂಡವಳಂತೆ ಹಿಂದೆ ಸರಿದಳು. ನೀಲವ್ವ ನನ್ನನ್ನು ಮೊಣಕೈಯಿಂದ ಆಚೆ ಸರಿಸಿ, "ದಮ್ಮ ಗಿಮ್ಮ ಹತ್ತೈತೇನಬೇ ಯಾರಿಗರ?" ಅಂದಳು. "ಇಲ್ಲಬೇ ನೀಲಿ, ಸಂಗಮನಾಥನ ಆಣಿ" ಎಂದು ಮುದುಕಿ ನಕ್ಕಳು. ಬೆರಳಿಗೆ ಕಚ್ಚಿಸುವ ಆಕ್ಸಿಮೀಟರನ್ನು ನೀಲವ್ವ ಇಲಿಬೋನು ಎಂದು ಕರೆಯುತ್ತಿದ್ದಳು. "ಬಟ್ಟು ಕೊಡ್ರಿ, ಇಲಿಬೋನು ಕಡಿಯೂದಿಲ್ಲ" ಎನ್ನುತ್ತ ಅಕಿಯೇ ಎಲ್ಲರಿಗೂ ಹಾಕುವಳು, ನಾನು ದೂರ ನಿಂತು ನಂಬರ್ ಬರೆಯುತ್ತಿದ್ದೆ.

ಮೂರನೆಯ ದಿನವೋ ನಾಲ್ಕನೆಯ ದಿನವೋ, ಈರಪ್ಪನೆಂಬ ಹಿರಿಯ ನೇಕಾರರ ಮನೆ. ಸೊಸೆ ಮಹಾದೇವಿ ಬಾಗಿಲನ್ನು ಅರ್ಧ ತೆರೆದು, "ಎಲ್ಲಾರೂ ಆರಾಮ ಅದೇವ್ರಿ" ಎಂದಳು. ಒಳಗೆ ಮಗ್ಗ ನಡೆದಿತ್ತು. ನಾನು ಬರೆಯಲು ಪೆನ್ನು ಎತ್ತಿದೆ. ನೀಲವ್ವ ಕತ್ತು ಓರೆ ಮಾಡಿದವಳು ನೆಟ್ಟಗೆ ಮಾಡಲಿಲ್ಲ.

"ಮಾದೇವಿ, ನಿಮ್ಮ ಮಾವಗ ಎಷ್ಟ ದಿನಾತು ಜ್ವರ?"

"ಜ್ವರ ಎಲ್ಲಿ ಬಂತಬೇ? ಸೀರಿ ನೇಯಾಕತ್ತಾರ, ಕೇಳವಲ್ದೇನು?"

"ಕೇಳಾಕತ್ತೈತಿ. ಅದಕ್ಕ ಕೇಳಿದ್ನಿ. ಎರಡ ಬಡದು ಒಂದ ಗಳಿಗಿ ನಿಂದರ್ತಾನ. ಇದು ಈರಪ್ಪ ಮಾವನ ಕೈಯ ಸಪ್ಪಳ ಅಲ್ಲ, ಅಂವನ ದಮ್ಮಿಂದು. ಬಾಯಿ ಸುಳ್ಳ ಹೇಳ್ತೈತಿ ಯವ್ವಾ, ಮಗ್ಗ ಹೇಳೂದಿಲ್ಲ."

ಮಹಾದೇವಿ ಅಳಲು ಸುರುಮಾಡಿದಳು. "ಒಯ್ತಾರ ನೀಲಕ್ಕ. ಒಯ್ದ್ರ ಪ್ಲಾಸ್ಟಿಕ್ಕಿನ್ಯಾಗ ಸುತ್ತಿ ಕೊಡ್ತಾರ. ಮಾರಿ ಸೈತ ತೋರ್ಸೂದಿಲ್ಲ." ನಮಗೆ ಕೇಳಿಸಲೆಂದೇ ಮಾವನನ್ನು ಎಬ್ಬಿಸಿ ಮಗ್ಗಕ್ಕೆ ಕೂಡಿಸಿದ್ದಳಂತೆ. ಕುಣಿಯಿಂದ ಮೇಲೆತ್ತುವಾಗ ಈರಪ್ಪನವರ ತುಟಿ ನೀಲಿಯಾಗಿತ್ತು. ಇಲಿಬೋನು ಎಂಬತ್ತಾರು ತೋರಿಸಿತು. ನಾನು ಫೋನ್ ಮಾಡಿದೆ. ಆಂಬ್ಯುಲೆನ್ಸ್ ಬಂತು. ಬಿಳಿ ಉಡುಪಿನವರು ಅವರನ್ನು ಎತ್ತಿಕೊಂಡು ಹೋಗುವಾಗ ಓಣಿಯ ಕಿಟಕಿಗಳಲ್ಲೆಲ್ಲ ಕಣ್ಣು. ಅವು ನೋಡುತ್ತಿದ್ದುದು ಈರಪ್ಪನವರನ್ನಲ್ಲ, ನೀಲವ್ವನನ್ನು.

ಮರುದಿನ ನಾವು ಓಣಿಯ ತುದಿಗೆ ಬಂದೆವು. ಮೊದಲನೆಯ ಮನೆಯ ಮಗ್ಗ ನಿಂತಿತು. ನಾಲ್ಕು ಹೆಜ್ಜೆ ಇಟ್ಟೆವು, ಎರಡನೆಯದು ನಿಂತಿತು. ಹಾಗೇ ಮೂರನೆಯದು, ನಾಲ್ಕನೆಯದು, ನಮಗಿಂತ ಮುಂದೆ ಮುಂದೆ ಯಾರೋ ನಡೆದುಹೋಗಿ ಎಲ್ಲರ ಕೈ ಹಿಡಿದು ನಿಲ್ಲಿಸಿದ ಹಾಗೆ. ಕೊನೆಗೆ ನನ್ನ ಮಾಸ್ಕಿನೊಳಗಿನ ಉಸಿರು ನನಗೇ ಕೇಳತೊಡಗಿತು. ಅಂಥ ಸೈಲೆನ್ಸ್ ನಾನು ಚಾಪೆಲ್ಲಿನಲ್ಲೂ ಕೇಳಿಲ್ಲ. ಮುಚ್ಚಿದ ಬಾಗಿಲುಗಳ ಹಿಂದೆ ಜನ ಉಸಿರು ಹಿಡಿದು ನಿಂತಿದ್ದಾರೆ, ಅವರಲ್ಲಿ ಎಷ್ಟು ಮಂದಿಗೆ ತುಟಿ ನೀಲಿಯಾಗಿದೆಯೋ. ನಾನು ನಡುದಾರಿಯಲ್ಲೇ ನಿಂತೆ.

ಒಂದು ಬಾಗಿಲ ಒಳಗಿನಿಂದ ಹೆಂಗಸಿನ ದನಿ ಬಂತು: "ನಮ್ಮ ಓಣ್ಯಾಗಿನಕ್ಯಾಗಿ ನಮ್ಮನ್ನ ಹಿಡದು ಕೊಡ್ತಿ ಏನಬೇ?"

ನೀಲವ್ವ ಇಲಿಬೋನನ್ನು ನನ್ನ ಕೈಗೆ ಕೊಟ್ಟು ಹೊರಳಿದಳು. ತಿರುಗಿ ಬರುವಾಗ ಅಂದಳು: "ಈರಪ್ಪ ಮಾವ ಹೊಳ್ಳಿ ಬರಲಿಲ್ಲಂದ್ರ ನಾ ಈ ಓಣ್ಯಾಗ ಹೆಂಗ ಇರಲಿ ಅಕ್ಕಾರ?"

ಬಾಗಿಲು ತೆರೆಯದೆ ನಾಲ್ಕು ದಿನ ಕಳೆಯಿತು. ಮೇಲಿನ ಆಫೀಸಿನಿಂದ ಮೆಮೊ ಬಂತು. ನಿಮ್ಮ ಸಾಲಿಯ ಸರ್ವೇ ಅರ್ಧಕ್ಕೂ ಬಂದಿಲ್ಲ, ಇವತ್ತು ಐದರೊಳಗೆ ಮುಗಿಸಿ, ಇಲ್ಲವೆ ಲಿಖಿತ ಎಕ್ಸ್‌ಪ್ಲನೇಷನ್ ಕೊಡಿ. ನನ್ನ ಪೆನ್ಶನ್ ಫೈಲು ಅದೇ ಆಫೀಸಿನ ಟೇಬಲ್ ಮೇಲಿತ್ತು. ನಲವತ್ತು ವರ್ಷ ಮಕ್ಕಳಿಗೆ "ಕಾಪಿ ಹೊಡೆಯಬೇಡಿ" ಎಂದು ಹೇಳಿದವಳು, ಹಿಂದಿನ ವಾರದ ಹಾಳೆ ಮುಂದಿಟ್ಟುಕೊಂಡು ಹೊಸ ಹಾಳೆ ತುಂಬತೊಡಗಿದೆ. ತೊಂಬತ್ತೇಳು. ತೊಂಬತ್ತೆಂಟು. ತೊಂಬತ್ತೇಳು. ಜ್ವರ ಇಲ್ಲ, ಕೆಮ್ಮು ಇಲ್ಲ.

ನೀಲವ್ವ ಹೊಸ್ತಿಲ ಆಚೆ ಕೂತಿದ್ದಳು. ಬಿಸಿಲಿನಲ್ಲೂ ಸೆರಗನ್ನು ಮೈತುಂಬ ಹೊದ್ದಿದ್ದಳು. ಅದು ನನ್ನ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ.

"ಎಳಿ ತಪ್ಪಿದ ಸೀರಿ ಉಟ್ಟಾಕಿಗೆ ಕಾಣೂದಿಲ್ರಿ," ಅಂದಳು. "ನೇದಾಂವಗ ಕಾಣ್ತೈತಿ."

"ನೀಲವ್ವ, ನನಗ ಹೆದರಿಕಿ ಆಗೇತಿ. ಹೆಸರು ಹೇಳ್ತಾ ಹೋಗು."

ಅಕಿ ಸಾಲು ಹಿಡಿದು ಮನೆಗಳ ಹೆಸರು ಹೇಳಿದಳು. ನಡುನಡುವೆ ನಿಲ್ಲಿಸಿದಳು. ಎರಡು ಹೆಸರು, ಒಂದು ಗುಕ್ಕು ಉಸಿರು. ಎರಡು ಹೆಸರು, ಒಂದು ಗುಕ್ಕು ಉಸಿರು. ಮಾಸ್ಕಿನ ತ್ರಾಸು ಅಂದುಕೊಂಡೆ. ಓಣಿಯ ಕೊನೆಯ ಮನೆ ಅವಳದೇ.

"ನಿಂದು?"

"ನಂದೇನ್ರಿ. ಬರೀರಿ ಏನರ ಒಂದು."

ಇಲಿಬೋನು ನಮ್ಮಿಬ್ಬರ ನಡುವೆ ಟೇಬಲ್ ಮೇಲೇ ಬಿದ್ದಿತ್ತು. ಅಕಿಯ ಬೆರಳಿಗೆ ಅದನ್ನು ಒಂದು ದಿನವೂ ಯಾರೂ ಹಾಕಿರಲಿಲ್ಲ. ನಾನು ತೊಂಬತ್ತೇಳು ಎಂದು ಬರೆದೆ. ಗಡಿಯಾರ ನಾಲ್ಕೂ ಐವತ್ತು ತೋರಿಸುತ್ತಿತ್ತು.

ಎರಡು ದಿನ ಬಿಟ್ಟು ಈರಪ್ಪನವರು ಮನೆಗೆ ಬಂದರು. ನಡೆಯಲು ಗೋಡೆ ಹಿಡಿಯುತ್ತಿದ್ದರಂತೆ, ಆದರೆ ಬಂದರು. ಸುದ್ದಿ ಹೇಳಲು ನೀಲವ್ವನಿಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಮರುದಿನ ಬೆಳಿಗ್ಗೆ ಸಾಲಿಯ ಗೇಟಿಗೆ ಬೀಗ ಹಾಗೇ ಇತ್ತು. ಆ ಬೀಗ ಹತ್ತು ಗಂಟೆಗೆ ಮುಚ್ಚಿದ್ದನ್ನು ಅಷ್ಟು ವರ್ಷಗಳಲ್ಲಿ ನಾನು ನೋಡಿರಲಿಲ್ಲ. ಪರ್ಸಿನಲ್ಲಿ ಇಲಿಬೋನು ಇದೆಯೇ ಎಂದು ನೋಡಿಕೊಂಡು ಓಣಿಗೆ ನಡೆದೆ. ನನ್ನನ್ನು ಕಂಡು ಮಗ್ಗಗಳು ನಿಂತವು.

ಅಕಿಯ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಕುಣಿಯ ಹಲಗೆಯ ಮೇಲೆ, ಜೋಳದ ಚೀಲಕ್ಕೆ ಒರಗಿ ಕೂತಿದ್ದಳು. ಎಷ್ಟು ದಿನದಿಂದ ಎಂದು ಕೇಳಿದೆ. ಬೆರಳು ತೋರಿಸಿದಳು, ಏಳು. ನಾನು ಹಾಳೆ ತುಂಬಿದ ದಿನ ಆ ಏಳರೊಳಗೇ ಇತ್ತು.

"ಯಾಕ ಹೇಳಲಿಲ್ಲ?"

"ನಾನೂ ಈ ಓಣ್ಯಾಗಿನಾಕಿನ ಅಲ್ಲೇನ್ರಿ?" ಅಂದಳು. ನಗಲು ನೋಡಿದಳು. "ನನಗೂ ಹೆದರಿಕಿ."

ಬೆರಳಿಗೆ ಇಲಿಬೋನು ಹಾಕಿದೆ. ಎಪ್ಪತ್ತೆಂಟು. ಮಷೀನ್ ಕೆಟ್ಟಿರಬೇಕೆಂದು ನನ್ನ ಬೆರಳಿಗೆ ಹಾಕಿ ನೋಡಿದೆ. ಕೆಟ್ಟಿರಲಿಲ್ಲ.

ಆಂಬ್ಯುಲೆನ್ಸ್ ಓಣಿಯೊಳಗೆ ಬರುವಷ್ಟು ದಾರಿ ಅಗಲವಿಲ್ಲ. ಸ್ಟ್ರೆಚರ್ ಬ್ಯಾಡ ಎಂದು ಅಕಿ ಎದ್ದು ನಡೆದಳು. ಬಿಳಿ ಉಡುಪಿನವನು ಒಂದು ತೋಳು ಹಿಡಿದಿದ್ದ. ನಾನು ಎರಡು ಹೆಜ್ಜೆ ಹಿಂದೆ. ಇನ್ನೊಂದು ತೋಳು ನಾನು ಹಿಡಿಯಬಹುದಿತ್ತು. ಹಿಡಿಯಲಿಲ್ಲ, ಹೆದರಿದ್ದೆ. ಬೀಗದಕೈ ಗೊಂಚಲನ್ನು ಸೊಂಟದಿಂದ ಬಿಚ್ಚಿ ಅಕಿ ಕಟ್ಟೆಯ ಮೇಲೆ ಇಟ್ಟಳು, ನನ್ನ ಕೈಗೆ ಕೊಡಲಿಲ್ಲ. "ಸ್ಯಾನಿಟೈಜರ್ ಹೊಡದು ತಗೋರಿ," ಅಂದಳು. ಎರಡೂ ಕಡೆಯ ಮನೆಗಳು ಮುಚ್ಚಿದ್ದವು. ಒಂದೂ ಮಗ್ಗದ ಸದ್ದಿಲ್ಲ.

ಈರಪ್ಪನವರ ಮನೆ ದಾಟುವಾಗ ಒಳಗಿನಿಂದ ಒಂದು ಖಟ್ ಕೇಳಿಸಿತು. ತಡೆದು, ಇನ್ನೊಂದು. ಆಮೇಲೆ ನಿಧಾನಕ್ಕೆ, ಒಂದರ ಹಿಂದೆ ಒಂದು, ಸಮನಾಗಿ. ದವಾಖಾನಿಯಿಂದ ಬಂದ ಮೇಲೆ ಅವರು ಮಗ್ಗಕ್ಕೆ ಕೂತದ್ದು ಅದೇ ಮೊದಲು ಎಂದು ಮಹಾದೇವಿ ನನಗೆ ಮುಂದೆ ಹೇಳಿದಳು. ಅವತ್ತು ಬಾಗಿಲು ತೆರೆಯಲಿಲ್ಲ, ಯಾರೂ ಹೊರಗೆ ಬರಲಿಲ್ಲ. ಸಪ್ಪಳ ಮಾತ್ರ ನಡೆದಿತ್ತು.

ನೀಲವ್ವ ನಿಂತಳು. ತೋಳು ಹಿಡಿದವನು "ಬರ್ರಿ ಅವ್ವಾರ" ಎಂದು ಜಗ್ಗಿದರೂ ನಿಂತೇ ಇದ್ದಳು. ತಲೆ ಎಡಕ್ಕೆ ವಾಲಿತು.

"ಕೈ ಸುಧಾರಿಸೈತ್ರಿ," ಅಂದಳು, ಒಂದೊಂದು ಮಾತಿಗೂ ಉಸಿರು ತಂದುಕೊಂಡು. "ಈ ಮನಿ ಚಲೋ ಐತಿ. ಬರ್ಕೋರಿ ಅಕ್ಕಾರ."

"ಬರ್ಕೊಂಡೆ," ಅಂದೆ. ನನ್ನ ಕೈಯಲ್ಲಿ ಹಾಳೆಯೂ ಇರಲಿಲ್ಲ, ಪೆನ್ನೂ ಇರಲಿಲ್ಲ.

ಓಣಿಯ ತುದಿಯಲ್ಲಿ ಅಕಿಯನ್ನು ಗಾಡಿಗೆ ಹತ್ತಿಸಿ ಬಾಗಿಲು ಹಾಕಿದರು. ಬಾಗಲಕೋಟಿಗೆ ಒಯ್ಯುತ್ತೇವೆ ಅಂದರು. ಅಲ್ಲಿಂದ ಅಕಿ ಹೊಳ್ಳಿ ಬರಲಿಲ್ಲ. ಗಾಡಿ ತಿರುಗುವಾಗ ಹಿಂದಿನ ಗಾಜಿನಲ್ಲಿ ಒಂದು ಕ್ಷಣ ಕಂಡಳು, ಮಾಸ್ಕಿನ ಮೇಲೆ ಎರಡು ಕಣ್ಣು, ತಲೆ ಇನ್ನೂ ಎಡಕ್ಕೆ ವಾಲಿಯೇ ಇತ್ತು. ಹಿಂದೆ ಓಣಿಯೊಳಗೆ ಈರಪ್ಪನವರು ಬಡಿಯುವುದನ್ನು ನಿಲ್ಲಿಸಿರಲಿಲ್ಲ.